ಗದ್ದದ ಮೂರು ಚುಕ್ಕೆ

ರಾಯಬಾಗ,
ರವಿವಾರ, ೧೨ ಫೆಬ್ರುವರಿ ೨೦೧೭

ಸಪನಾಳ ಅಪ್ಪನವರಿಗೆ,

ಶುಭಾಂಗಿ ಮಾಡುವ ನಮಸ್ಕಾರಗಳು. ಹೆಸರು ಹಿಡಿದೇ ಬರೆಯಬಹುದಿತ್ತು. ಆದರೆ ಮದುವೆಯ ದಿನ ಒಡಪು ಕಟ್ಟಿ ನಿಮ್ಮ ಹೆಸರು ಹೇಳಿದಾಗ ನಿಮ್ಮ ಕಿವಿ ಕೆಂಪಾದದ್ದು ನನಗೆ ಇನ್ನೂ ನೆನಪಿದೆ. ಕೊಗನೊಳ್ಳಿಯಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಮತ್ತೆ ಕೆಂಪಾಗುವುದು ಬೇಡವೆಂದು ಬಿಟ್ಟಿದ್ದೇನೆ.

ನೀವು ನನ್ನ ಫೋನ್ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಎರಡು ನೀಲಿ ಗೆರೆ ಬೀಳುತ್ತವೆ, ಉತ್ತರ ಬೀಳುವುದಿಲ್ಲ. ಅದಕ್ಕೇ ಈ ಕಾಗದ. ನಮ್ಮ ಆಲ್ಬಮ್ ಬೈಂಡಿಂಗಿನ ಜಕ್ಕಪ್ಪ ಕಾಕಾ ನಾಳೆ ನಿಪ್ಪಾಣಿಯ ಲ್ಯಾಬಿಗೆ ಹೊರಟಿದ್ದಾರೆ, ಕೊಗನೊಳ್ಳಿಗೂ ಬಂದು ಹೋಗುತ್ತಾರೆ. ನೀವು ಓದಿ ಮುಗಿಸುವ ತನಕ ಎದುರಿಗೇ ಕೂತಿರಬೇಕೆಂದು ಹೇಳಿ ಕಳಿಸುತ್ತಿದ್ದೇನೆ. ಅಲ್ಲಿಯವರೆಗೆ ಅವರಿಗೆ ಚಹಾ ಕುಡಿಸುವುದು ನಿಮ್ಮ ಜವಾಬ್ದಾರಿ.

ವಿಷಯ ಏನೆಂದು ನಿಮಗೆ ಗೊತ್ತು. ಶಿವರಾತ್ರಿ ಮುಗಿದ ಮುಂದಿನ ವಾರ ಅತ್ತೆಯವರ ಪ್ರಥಮ ಪುಣ್ಯಸ್ಮರಣೆ. ಪಾಲಬಾವಿಯ ಮನೆಗೆ ಎಲ್ಲರೂ ಬರುತ್ತಾರೆ. ಗೋಡೆಯ ಮೇಲೆ ಮಾವನವರ ಫೋಟೋ ಇದೆ, ಅದರ ಪಕ್ಕದ ಮೊಳೆ ಖಾಲಿ ಇದೆ. ಮೊನ್ನೆ ನಿಮ್ಮ ಶೇವಂತಕ್ಕ ಫೋನ್ ಮಾಡಿದ್ದರು. ನೀವು ಹೊರಗೆ ಹೋದದ್ದನ್ನು ನೋಡಿಕೊಂಡು ಹಿತ್ತಲಿನಿಂದ ಮಾಡಿದ್ದಂತೆ. "ನನ್ನ ತಮ್ಮಗ ಸಿಟ್ಟ ಇಳದೈತೋ ಇಲ್ಲೋ ನಂಗ ಗೊತ್ತಿಲ್ಲವಾ. ಆದ್ರ ಆ ಮೊಳೀಗೆ ನಮ್ಮವ್ವನ ಮಾರಿ ಬರಲಿಲ್ಲಂದ್ರ ನಾ ಅವತ್ತ ಬರಂಗಿಲ್ಲ ನೋಡ," ಎಂದರು. ಹೆತ್ತ ತಾಯಿಯ ವರ್ಷದ ದಿನಕ್ಕೆ ಮಗಳೇ ಬರುವುದಿಲ್ಲ ಎಂದರೆ ಉಳಿದವರು ಉಂಡು ಎದ್ದರೂ ಅದು ಉಂಡಂತಲ್ಲ. ಆ ಮೊಳೆಗೆ ಏನು ತೂಗುಹಾಕಬೇಕು, ಅದನ್ನು ಯಾವುದರಲ್ಲಿ ಮಾಡಬೇಕು, ಯಾರು ಮಾಡಬೇಕು, ಇಷ್ಟನ್ನು ಇವತ್ತು ಇತ್ಯರ್ಥ ಮಾಡಿಯೇ ಏಳುತ್ತೇನೆ.

ಹೋದ ವರ್ಷ ಅತ್ತೆಯವರ ದಿವಸದ ಕಾರ್ಯದಂದು ನಡೆದ ಮಾತನ್ನು ಒಮ್ಮೆ ಹೇಳಿ ಮುಗಿಸುತ್ತೇನೆ. ಸಂಕ್ರಾಂತಿಯಂದು ನೀವು ಹೊಸ ಫೋನಿನಿಂದ ಅಂಗಳದಲ್ಲಿ ಅತ್ತೆಯವರ ಫೋಟೋ ತೆಗೆದಿರಿ. ಬಾಯಲ್ಲಿ ಕುಸುರೆಳ್ಳು ಇಟ್ಟುಕೊಂಡು ಅವರು ನಕ್ಕಿದ್ದರು. ಅದನ್ನು ಬ್ಲೂಟೂತಿನಲ್ಲಿ ನನ್ನ ಫೋನಿಗೆ ದಾಟಿಸಿದಿರಿ. ಫೋನ್ ತುಂಬಿತೆಂದು, ದಾಟಿಸಿದ್ದನ್ನೆಲ್ಲ ಅಳಿಸುವುದು ನಿಮ್ಮ ರೂಢಿ, ಅದನ್ನೂ ಅಳಿಸಿದಿರಿ. ಎರಡು ತಿಂಗಳೊಳಗೆ ಅವರು ಹೊರಟೇಹೋಗುತ್ತಾರೆಂದು ಯಾರಿಗೆ ಗೊತ್ತಿತ್ತು? ನೀವು ದಿವಸದ ಓಡಾಟದಲ್ಲಿದ್ದಿರಿ. ನಾನು ಮೂಲೆಯಲ್ಲಿ ಕೂತು ನನ್ನ ಮೊಬೈಲಿನ ಆ್ಯಪಿನಲ್ಲೇ ಹಿಂದಿನ ಗೋಡೆ ಕತ್ತರಿಸಿ, ನೀಲಿ ಬಣ್ಣ ಹಾಕಿ, ಫ್ರೇಮಿಗೆ ಕಳಿಸಿದೆ. ಕಣ್ಣಲ್ಲಿ ನೀರಿತ್ತು, ಪರದೆ ಅಂಗೈಯಷ್ಟಿತ್ತು.

ಹಾರ ಹಾಕಿದ ಮೇಲೆ ಶೇವಂತಕ್ಕ ಹತ್ತಿರ ಹೋಗಿ ನೋಡಿ, "ಇದು ನಮ್ಮವ್ವ ಅಲ್ಲ. ಹಣೀ ಮ್ಯಾಲಿನ ಹಚ್ಚಿ ಎಲ್ಲೈತಿ? ಗದ್ದದ ಮೂರ ಚುಕ್ಕಿ ಎಲ್ಲವ?" ಎಂದು ನೆಲಕ್ಕೆ ಕೂತುಬಿಟ್ಟರು. ಅತ್ತೆಯವರ ಹಣೆಯ ನಡುವೆ ಉದ್ದಕ್ಕೆ ಇಳಿದಿದ್ದ ಹಸಿರು ಗೆರೆ ಇರಲಿಲ್ಲ. ಗದ್ದ ಒಂದು ಚುಕ್ಕೆಯಿಲ್ಲದೆ ನುಣ್ಣಗಿತ್ತು. ಮಾವ ತೀರಿದ ಮೇಲೆ ಕುಂಕುಮ ಹೋಗಿ, ಅವರ ಹಣೆಗೆ ಉಳಿದಿದ್ದದ್ದು ಆ ಹಚ್ಚೆ ಒಂದೇ. "ಬಂಗಾರ ಮಗಳು ಒಯ್ತಾಳ, ಸೀರಿ ಸೊಸಿ ಉಡತಾಳ, ಹಚ್ಚಿ ಒಂದ ನನ್ನ ಜೋಡಿ ಬರೂದು," ಎಂದು ಅವರು ನನ್ನ ಮುಂದೆ ಎಷ್ಟು ಸಲ ಹೇಳಿದ್ದಾರೋ. ಮಣ್ಣಿನ ಮನೆಗೂ ಜೊತೆಗೆ ಹೋದದ್ದು ನಮ್ಮ ಫೋಟೋದೊಳಗೆ ಬರಲಿಲ್ಲ.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಅಡುಗೆಮನೆಗೆ ಹೋಗಿ ಒಂದು ಗಳಿಗೆ ನಿಂತು ಹೊರಗೆ ಬಂದೆ. ನನ್ನ ಕೈಲೇ ತಪ್ಪಾತು ಎಂದೆ. ನೀವು ಎಲ್ಲರ ಎದುರಿಗೇ, "ನಿನ್ನ ಮೊಬೈಲ್ ನಮ್ಮವ್ವನ ಹಣಿ ತೊಳದ ಇಟ್ತು," ಎಂದಿರಿ. ಮೂಲ ಫೋಟೋ ಕೇಳಿದಿರಿ. ಅದು ಹಾರಿಹೋಯಿತು ಎಂದೆ. ಇದ್ದೊಂದು ಮೂಲವನ್ನೂ ಉಳಿಸಿಕೊಳ್ಳಲಾರದವಳು ಸ್ಟುಡಿಯೋದಲ್ಲಿ ಯಾಕೆ ಕೂತಿದ್ದಾಳೆ ಎಂದಿರಿ. ಆ ಮಾತಿಗೆ ನಾನು ಅವತ್ತು ಉತ್ತರ ಕೊಟ್ಟಿಲ್ಲ. ಕಾಗದದ ಕೊನೆಗೆ ಬನ್ನಿ, ಕೊಡುತ್ತೇನೆ.

ಅಲ್ಲಿಂದ ಶುರುವಾಯಿತು ನಮ್ಮ ಮೊಬೈಲು-ಕಂಪ್ಯೂಟರಿನ ಕದನ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಯಾರು ಎತ್ತು, ಯಾರು ಕೋಣ ಎಂದು ನಾನು ಬರೆಯುವುದಿಲ್ಲ. ನೀವು ಫೋಟೋಶಾಪ್ ಬಿಟ್ಟು ಉಳಿದದ್ದೆಲ್ಲ ಹುಡುಗಾಟ ಎಂದಿರಿ. ನಾನು, ಹುಟ್ಟುಹಬ್ಬದ ಬ್ಯಾನರಿಗೆ ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ನಿಮ್ಮ ಕಂಪ್ಯೂಟರ್ ಆಕಳಿಸಿ ಏಳುವಷ್ಟರಲ್ಲಿ ಅವನ ಇನ್ನೊಂದು ಹುಟ್ಟುಹಬ್ಬ ಬರುತ್ತದೆ ಎಂದೆ. ಕಡೆಗೆ ಖಂಡೇನವಮಿಯ ದಿನ ನೀವು ಕ್ಯಾಮೆರಾಕ್ಕೆ, ಕಂಪ್ಯೂಟರಿಗೆ, ಫೋಟೋ ಕತ್ತರಿಸುವ ಬ್ಲೇಡಿಗೆ ಕೂಡ ಅರಿಶಿನ ಕುಂಕುಮ ಹಚ್ಚಿದಿರಿ. ನಾನು ಪಕ್ಕಕ್ಕೆ ಇಟ್ಟ ಮೊಬೈಲನ್ನು ಮಾತ್ರ ಎತ್ತಿ ಕಿಟಕಿಯಲ್ಲಿ ಇಟ್ಟಿರಿ. "ಇದೇನ ಆಯುಧ ಆತು?" ಎಂದಿರಿ. ಅದರ ಮೇಲಿಟ್ಟಿದ್ದ ಚೆಂಡು ಹೂವು ಕೆಳಗೆ ಬಿತ್ತು. ನಾನೂ ಬಾಯಿ ಮಾಡಿದೆ, ನೀವೂ ಮಾಡಿದಿರಿ. ಮರುದಿನ ಬನ್ನಿ ಹಂಚಬೇಕಾದವರು ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ಟಮ್‌ಟಮ್ಮಿನಲ್ಲಿ ಹೇರಿಕೊಂಡು ಹೋದಿರಿ. ಬಂಗಾರದಂಗ ಇರೋಣು ಎಂದು ಹೇಳುವ ಹಬ್ಬದಲ್ಲಿ ಗಂಡ ಮನೆ ಬಿಟ್ಟದ್ದು ರಾಯಬಾಗದಲ್ಲಿ ನಮ್ಮದೊಂದೇ ಇರಬೇಕು.

ಈಗ ನನ್ನ ವರದಿ ಕೇಳಿ. ಅಂಗಡಿ ಒಂದು ದಿನವೂ ಮುಚ್ಚಿಲ್ಲ.

ನೀವು ಹೋದ ಮೇಲೆ ಪಾಲಬಾವಿಯಲ್ಲಿ ಒಂದು ಯಾದಿ ಪೆ ಶಾದಿ ಆಯಿತು. ಬೆಳಿಗ್ಗೆ ಕೊಡುಕೊಳ್ಳುವುದರ ಯಾದಿ ಬರೆಯಲು ಬಂದ ಗಂಡಿನ ಕಡೆಯವರು, ಎಲ್ಲ ಒಪ್ಪಿಗೆ ಆಗೈತಿ, ಮತ್ಯಾಕ ತಡಾ ಎಂದು ಅವತ್ತೇ ಅಕ್ಷತೆ ಹಾಕುವುದೆಂದು ನಿಶ್ಚಯ ಮಾಡಿದರು. ಫೋನ್ ಬಂತು. ನಾನು ಕ್ಯಾಮೆರಾ ಹಿಡಿದು ಓಡಿದೆ. ಮದುಮಕ್ಕಳ ಹೆಸರಿನ ಬ್ಯಾನರನ್ನು ಚಪ್ಪರದ ಕೆಳಗೆ ಕೂತೇ ಮೊಬೈಲಿನಲ್ಲಿ ಮಾಡಿ, ನಿಪ್ಪಾಣಿಯ ಭೀಮಸಿಯ ಫ್ಲೆಕ್ಸ್ ಅಂಗಡಿಗೆ ಕಳಿಸಿದೆ. ಅಕ್ಷತೆಗೆ ಮೊದಲು ಬ್ಯಾನರ್ ಬಂದು ಕಟ್ಟಿಯಾಗಿತ್ತು. ನೀವು ಅಲ್ಲೇ ಕೆಲಸಕ್ಕೆ ಸೇರಿದ್ದೀರಿ, ಅದನ್ನು ಪ್ರಿಂಟ್ ಮಾಡಿದ್ದು ನೀವೇ ಎಂದು ಆಮೇಲೆ ಗೊತ್ತಾಯಿತು. ಕೆಳಗೆ ನಮ್ಮ ಸ್ಟುಡಿಯೋದ ಹೆಸರು ನೋಡಿ ಅಕ್ಷರ ಸರಿ ಕೂತಿಲ್ಲವೆಂದು ನೀವು ಕೈಯಾರೆ ಸರಿಮಾಡಿದಿರಂತೆ. ಭೀಮಸಿ ಹೇಳಿದ. ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಆದರೆ ಅದೇ ಮದುವೆಯ ಆಲ್ಬಮ್ಮನ್ನೂ ಮೊಬೈಲಿನಲ್ಲೇ ಮಾಡುತ್ತೇನೆಂದು ಹಟ ಹಿಡಿದು ಕೆಟ್ಟೆ. ಪರದೆಯ ಮೇಲೆ ರಾಣಿಯ ಹಾಗಿದ್ದ ಮದುಮಗಳು ದೊಡ್ಡ ಹಾಳೆಯ ಮೇಲೆ ಬಂದಾಗ ನೀರಲ್ಲಿ ನೆಂದ ಕಾಗದದ ಹಾಗಿದ್ದಳು. ಆ್ಯಪು ಪ್ರತಿ ಸಲ ಉಳಿಸುವಾಗ ಫೋಟೋವನ್ನು ಸಣ್ಣದು ಮಾಡುತ್ತ ಹೋಗಿತ್ತು, ನನಗೆ ಗೊತ್ತಾಗಿರಲಿಲ್ಲ. ಜಕ್ಕಪ್ಪ ಕಾಕಾ ಹಾಳೆಗಳನ್ನು ಬೆಳಕಿಗೆ ಹಿಡಿದು, "ಬೈಂಡಿಂಗ್ ಮಾಡತೀನಿ ತಂಗಿ, ಆದ್ರ ಮ್ಯಾಲ ನನ್ನ ಹೆಸರ ಹಾಕಬ್ಯಾಡ," ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೊಬೈಲನ್ನೂ ಬಯ್ಯಲಿಲ್ಲ, ನಿಮ್ಮನ್ನೂ ಬಯ್ಯಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ಹೆಸರು ಹಚ್ಚಿದೆ. ಕಾಲೇಜು ಹುಡುಗಿಯರ ನಡುವೆ ಕೂತು ಲೇಯರ್ ಅಂದರೆ ಏನೆಂದು ಕಲಿತೆ. ಮದುವೆಯಾದಾಗಿನಿಂದ ನಿಮ್ಮ ಬೆನ್ನ ಹಿಂದೆ ನಿಂತು ನೋಡಿದ್ದೇನೆ, ಒಂದು ಸಲವಾದರೂ ಮೌಸು ನನ್ನ ಕೈಗೆ ಕೊಟ್ಟಿದ್ದಿರೇನು? ಮೂಲ ಫೋಟೋ ಕೆಳಗೆ ಹಾಗೇ ಮಲಗಿರುತ್ತದೆ, ನಾವು ಮಾಡುವುದೆಲ್ಲ ಅದರ ಮೇಲಿನ ಹೊದಿಕೆ, ಬೇಡವಾದರೆ ತೆಗೆದು ಮಡಚಿಡಬಹುದು. ಇಷ್ಟು ಸುಲಭದ ಮಾತನ್ನು ನೀವು ಮಂತ್ರದ ಹಾಗೆ ಬಚ್ಚಿಟ್ಟಿದ್ದಿರಿ.

ಆಮೇಲೆ ಪರೀಕ್ಷೆ ಶುರು ಮಾಡಿದೆ. ಮೊಬೈಲಿನ ಆ್ಯಪು, ಕ್ಲಾಸಿನ ಕಂಪ್ಯೂಟರಿನ ಸಾಫ್ಟ್‌ವೇರು, ಕ್ಲಾಸಿನ ಸರ್ ತಂದಿದ್ದ ಟ್ಯಾಬು, ಯಾವುದನ್ನೂ ಬಿಡಲಿಲ್ಲ. ಎಲ್ಲಕ್ಕೂ ಒಂದೇ ಪರೀಕ್ಷೆ: ಗೌರಾಬಾಯಿ. ನಮ್ಮ ಅಂಗಡಿಯ ಎದುರಿಗೆ ಮೆಂತೆ, ಕೊತ್ತಂಬರಿ ಇಟ್ಟುಕೊಂಡು ಕೂರುವ ಗೌರಾಬಾಯಿ ಗೊತ್ತಲ್ಲ. ಅವರಿಗೂ ಅತ್ತೆಯವರ ಹಾಗೇ ಹಣೆಯಲ್ಲಿ ಗೆರೆ, ಗದ್ದಕ್ಕೆ ಮೂರು ಚುಕ್ಕೆ. ನಮ್ಮ ದೊಡ್ಡ ಕ್ಯಾಮೆರಾದಲ್ಲಿ ಅವರ ಫೋಟೋ ತೆಗೆದು ಇಟ್ಟುಕೊಂಡೆ. ಹೊಸದೇನೇ ಬರಲಿ, ಮೊದಲು ಆ ಫೋಟೋವನ್ನು ಅದರ ಬಾಯಿಗೆ ಹಾಕುವುದು. ಹಚ್ಚೆ ಉಳಿದರೆ ಅದು ನಮ್ಮ ಅಂಗಡಿಗೆ ಬರಬಹುದು. ಹಚ್ಚೆಯನ್ನು ಕಲೆ ಎಂದು ತಿಳಿದು ಒರೆಸಿದರೆ ಹೊಸ್ತಿಲ ಹೊರಗೆ.

ಒಂದು ಆ್ಯಪು ಅವರನ್ನು ಎಷ್ಟು ಬೆಳ್ಳಗೆ ಮಾಡಿತೆಂದರೆ, "ಏ ತಂಗಿ, ಇವಳ ಕೈಯಾಗ ನಾ ಮೆಂತೆ ಪಲ್ಯಾ ತಗೋಳಂಗಿಲ್ಲ ನೋಡ, ಇವಳಿಗೆ ಏನ ಗೊತ್ತಾಗತೈತಿ," ಎಂದು ನಕ್ಕರು. ಇನ್ನೊಂದು ಕಣ್ಣು ಹಿಗ್ಗಿಸಿ ಗದ್ದ ಚೂಪು ಮಾಡಿತು. ಮತ್ತೊಂದು ಏನೂ ಕೇಳದೆ, ತೆರೆದ ಕೂಡಲೇ, ಹಣೆ ಒರೆಸಿ ಕೂತಿತು. ಈಗ ದಿನಾ ಬೆಳಿಗ್ಗೆ ಬುಟ್ಟಿ ಇಳಿಸುವಾಗಲೇ, "ಇವತ್ತ ನಾ ಪಾಸೋ ಫೇಲೋ?" ಎಂದು ಕೇಳುತ್ತಾರೆ. ದಿವಸದ ಫೋಟೋ ಮಾಡಿದ ನನ್ನ ಹಳೆಯ ಆ್ಯಪು ಇದೆಯಲ್ಲ, ಅದನ್ನೂ ಪರೀಕ್ಷೆಗೆ ಕೂರಿಸಿದೆ. ಅವತ್ತು ಮಾಡಿದ್ದನ್ನೇ ಮತ್ತೆ ಮಾಡಿದೆ: ಹಿಂದಿನ ಗೋಡೆ ಕತ್ತರಿಸಿದೆ, ನೀಲಿ ಬಣ್ಣ ಹಾಕಿದೆ. ಗೌರಾಬಾಯಿ ಪಾಸಾದರು. ಇಲ್ಲಿ ಹುಬ್ಬು ಏರಿಸಬೇಡಿ, ಮುಂದೆ ಓದಿ.

ನನ್ನ ತೀರ್ಮಾನ ಇಷ್ಟು. ಬ್ಯಾನರು, ಹುಟ್ಟುಹಬ್ಬ, ಪಾಸ್‌ಪೋರ್ಟ್ ಸೈಜು, ಗಿರಾಕಿ ನಿಂತಲ್ಲೇ ಕೇಳುವ ಕೆಲಸಗಳಿಗೆ ಮೊಬೈಲು. ಆಲ್ಬಮ್, ದೊಡ್ಡ ಫ್ರೇಮು, ಹಳೆಯ ಫೋಟೋ, ತೀರಿಕೊಂಡವರ ಮುಖ, ಇವಕ್ಕೆ ನಿಮ್ಮ ಕಂಪ್ಯೂಟರು, ನಿಮ್ಮ ಫೋಟೋಶಾಪು. ಮೊಬೈಲಿನಲ್ಲಿ ಆರಂಭಿಸಿದ ಕೆಲಸ ಕಂಪ್ಯೂಟರಿನಲ್ಲಿ ಹೊದಿಕೆ ಹೊದಿಕೆಯಾಗಿ ಹಾಗೇ ಬಿಚ್ಚಿಕೊಳ್ಳುವಂಥ ಆ್ಯಪೂ ಸಿಕ್ಕಿದೆ, ನೆಟ್ ಈಗ ಅಗ್ಗವಾಗಿದೆ, ಕಳಿಸುವುದು ಕಷ್ಟವಿಲ್ಲ. ಮೂಲವನ್ನು ಮುಟ್ಟುವ, ಕೇಳದೆ ಮುಖಕ್ಕೆ ಕೈ ಹಾಕುವ ಯಾವುದೂ ಬೇಡ, ಅದು ಪುಕ್ಕಟೆ ಬಂದರೂ ಬೇಡ. ಇದರಲ್ಲಿ ನೀವೂ ಗೆದ್ದಿದ್ದೀರಿ, ನಾನೂ ಗೆದ್ದಿದ್ದೇನೆ. ಇಬ್ಬರೂ ಗೆದ್ದ ಜಗಳಕ್ಕೆ ನೀವು ಕೊಗನೊಳ್ಳಿಯಲ್ಲಿ ಯಾಕೆ ಕೂತಿದ್ದೀರೋ ನನಗೆ ತಿಳಿಯದು.

ಇನ್ನು ಮೊಳೆಯ ಮಾತು. ಅತ್ತೆಯವರ ಮುಖಕ್ಕಾಗಿ ನಾನು ನೆಂಟರ ಮನೆಗಳನ್ನೆಲ್ಲ ಸುತ್ತಿದೆ. ಒಂದರಲ್ಲಿ ಸೆರಗು ಮುಖಕ್ಕೆ ಬಂದಿದೆ, ಇನ್ನೊಂದರಲ್ಲಿ ಬೇರೆಯವರ ತಲೆ ಅಡ್ಡ ಬಂದಿದೆ. ಕಡೆಗೆ ಅಲಖನೂರಿನ ಶೇವಂತಕ್ಕನ ಮಾವನ ಮನೆಯ ಗೋಡೆಯಲ್ಲಿ ಒಂದು ಸಿಕ್ಕಿತು. ಶೇವಂತಕ್ಕನ ಮೈದುನನ ಮದುವೆ, ನೀವು ರೀಲು ಹಾಕುವ ಕ್ಯಾಮೆರಾ ಹಿಡಿದು ಹೊಸದಾಗಿ ಕೆಲಸ ಹಿಡಿದ ಕಾಲದ್ದು. ಹೆಂಗಸರ ಸಾಲಿನ ತುದಿಯಲ್ಲಿ ಅತ್ತೆಯವರು ಅಕ್ಷತೆಯ ತಟ್ಟೆ ಹಿಡಿದು ನಿಂತಿದ್ದಾರೆ. ಮುಖ ಹುಣಸೆಬೀಜದಷ್ಟಿದೆ. ಆದರೆ ನೇರ ಕ್ಯಾಮೆರಾದ ಕಡೆಗೇ ನೋಡುತ್ತಿದ್ದಾರೆ, ಅಂದರೆ ನಿಮ್ಮ ಕಡೆಗೆ. ಮಗ ಮೊದಲ ಸಲ ಹತ್ತು ಜನರ ಮುಂದೆ ಫೋಟೋ ತೆಗೆಯುತ್ತಿದ್ದಾನೆ ಎನ್ನುವ ಹೆಮ್ಮೆ ಆ ಬೀಜದಷ್ಟು ಮುಖದಲ್ಲೂ ಕಾಣುತ್ತದೆ.

ಗೋಡೆಯ ಫೋಟೋ ಬಣ್ಣಗೆಟ್ಟಿತ್ತು. ಆದರೆ ನಿಮ್ಮ ಗುಣ ನನಗೆ ಗೊತ್ತಲ್ಲ. ಫೋನಿನಲ್ಲಿರುವುದನ್ನು ಅಳಿಸುತ್ತೀರಿ, ನೆಗೆಟಿವ್ ಒಂದನ್ನೂ ಬಿಸಾಡುವುದಿಲ್ಲ. ಅಂಗಡಿಯ ಅಟ್ಟದ ಬಿಸ್ಕೀಟ್ ಡಬ್ಬಿಗಳನ್ನೆಲ್ಲ ಇಳಿಸಿ, ಟ್ಯೂಬ್‌ಲೈಟಿಗೆ ಹಿಡಿದು ಹಿಡಿದು ಹುಡುಕಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನಮ್ಮ ಮದ್ದು ನಮ್ಮ ಅಟ್ಟದ ಮೇಲೇ ಇತ್ತು. ಜಕ್ಕಪ್ಪ ಕಾಕಾನ ಕೈಯಲ್ಲಿ ಲ್ಯಾಬಿಗೆ ಕಳಿಸಿ ದೊಡ್ಡದಾಗಿ ಸ್ಕ್ಯಾನ್ ಮಾಡಿಸಿದೆ. ಆ ಫೈಲು ನನ್ನ ಮೊಬೈಲಿನಲ್ಲಿ ತೆರೆಯುವುದೇ ಇಲ್ಲ, ಪಾಪ, ಉಸಿರು ಹಿಡಿದು ನಿಂತುಬಿಡುತ್ತದೆ. ಕ್ಲಾಸಿನ ಕಂಪ್ಯೂಟರಿನಲ್ಲಿ ತೆರೆದೆ. ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡಿದೆ. ಹಣೆಯ ಗೆರೆ ಬಂತು. ಗದ್ದದ ಚುಕ್ಕೆ ಬಂದವು, ಮೂರೂ. ಪಕ್ಕದ ಹುಡುಗಿ ಯಾಕ್ರಿ ಅಕ್ಕಾ ಅಳಾಕತ್ತೀರಿ ಎಂದು ಕೇಳಿದಳು. ನಮ್ಮ ಅತ್ತಿ ಬಂದ್ರು ಎಂದೆ.

ಮುಖದ ಮೇಲೆ ಧೂಳಿನ ಗೆರೆಗಳಿವೆ, ಒಂದು ಕಡೆ ಪಕ್ಕದವರ ಬಳೆಯ ನೆರಳಿದೆ. ಅದನ್ನು ಬಿಡಿಸುವ ಕೈ ನನ್ನದಲ್ಲ, ನಿಮ್ಮದು. ನಾನು ಕಲಿತದ್ದು ನಿನ್ನೆ ಮೊನ್ನೆ. ಅವರ ಮುಖದ ಯಾವ ಗೆರೆ ಧೂಳಿನದು, ಯಾವುದು ಅವರದ್ದೇ ಎಂದು ಸಾಫ್ಟ್‌ವೇರಿಗೆ ಗೊತ್ತಿಲ್ಲ. ನಿಮಗೆ ಗೊತ್ತು.

ಒಂದು ಮಾತಿದೆ. ಆಗ ಮಾವನವರು ಇದ್ದರು. ಹಾಗಾಗಿ ಈ ಫೋಟೋದಲ್ಲಿ ಹಚ್ಚೆಯ ಮೇಲೆ ಕಾಸಿನಗಲ ಕುಂಕುಮ ಇದೆ. ಊರಲ್ಲಿ ಯಾರಾದರೂ ತೆಗೆಯಿರಿ ಎನ್ನುತ್ತಾರೆ, ನಿಮಗೂ ಕ್ಷಣದ ಕೆಲಸ. ತೆಗೆಯಬೇಡಿ. ಶೇವಂತಕ್ಕನನ್ನು ಕೇಳಿದೆ. "ಇರಲಿ ಬಿಡ. ಒಮ್ಮೆ ಒರಸೂದ ನೋಡೀನಿ," ಎಂದರು. ನಮ್ಮದೇ ಕೈಯಿಂದ ಎರಡನೆಯ ಸಲ ಆ ಹಣೆ ಒರೆಸುವುದು ಬೇಡ.

ಶಿವರಾತ್ರಿಯ ಒಳಗೆ ಕಂಪ್ಯೂಟರ್ ತೆಗೆದುಕೊಂಡು ಬನ್ನಿ. ಅಂಗಡಿಯಲ್ಲಿ ಅದರ ಟೇಬಲ್ಲು ಹಾಗೇ ಇದೆ, ಒರೆಸಿಟ್ಟಿದ್ದೇನೆ. ಕಿಟಕಿಯ ಪಕ್ಕಕ್ಕೆ ನನ್ನದೂ ಒಂದು ಟೇಬಲ್ಲು ಹಾಕಿದ್ದೇನೆ, ಅದು ಅಲ್ಲೇ ಇರುತ್ತದೆ. ವಾರಕ್ಕೆ ಎರಡು ದಿನ ಮೌಸು ನನ್ನ ಕೈಯಲ್ಲಿ. ಮುಂದಿನ ಖಂಡೇನವಮಿಗೆ ಮಣೆಯ ಮೇಲೆ ಮೊಬೈಲೂ ಇರುತ್ತದೆ, ಅದಕ್ಕೆ ಹೂವು ಇಡುವವರು ನೀವು. ಇವು ಕರಾರುಗಳಲ್ಲ. ಹೇಗಿರುತ್ತದೆಂದು ತಿಳಿಸಿದ್ದೇನೆ, ಅಷ್ಟೆ.

ಸಪನಾಳ ಶಾಲೆಯಲ್ಲಿ ಕುಟುಂಬದ ಫೋಟೋ ಅಂಟಿಸಿಕೊಂಡು ಬರಲು ಹೇಳಿದ್ದರು. ಮನೆಯ ಫೋಟೋಗಳನ್ನೆಲ್ಲ ಹರವಿದೆವು. ನೀವು ಒಂದರಲ್ಲೂ ಇಲ್ಲ, ಎಲ್ಲದರಲ್ಲೂ ಕ್ಯಾಮೆರಾದ ಹಿಂದೆ ಇದ್ದೀರಿ. "ಪಪ್ಪಾನ ನೆರಳ ಐತಿ ನೋಡವಾ," ಎಂದು ನೆಲದ ಮೇಲೆ ಬಿದ್ದ ನಿಮ್ಮ ನೆರಳನ್ನು ತೋರಿಸಿ ಅದನ್ನೇ ಅಂಟಿಸಿಕೊಂಡು ಹೋದಳು. ನೀವಿಲ್ಲದೆ ಅಂಗಡಿ ಚೆನ್ನಾಗಿಯೇ ನಡೆಯುತ್ತಿದೆ. ಮನೆ ಅಷ್ಟು ಚೆನ್ನಾಗಿ ನಡೆಯುತ್ತಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ, ಓದಲು ನಿಮಗೆ ನಾಚಿಕೆಯಾದರೆ ಜಕ್ಕಪ್ಪ ಕಾಕಾನಿಗೆ ಇನ್ನೊಂದು ಚಹಾ ಹೇಳಿ.

ನೀವು ಬರುತ್ತೀರೆಂದು ಸಪನಾಳಿಗೆ ಆಗಲೇ ಹೇಳಿಬಿಟ್ಟಿರುವ,
ನಿಮ್ಮ ಸ್ಟುಡಿಯೋದ ಅರ್ಧ ಬೋರ್ಡಿನ ಒಡತಿ,
ಶುಭಾಂಗಿ

ತಾ.ಕ.: ಇದರೊಂದಿಗೆ ಒಂದು ಪೆನ್‌ಡ್ರೈವ್ ಇದೆ. ಅದರಲ್ಲಿ ಅಲಖನೂರಿನ ಸ್ಕ್ಯಾನ್ ಇದೆ. ಅದರ ಕೆಳಗೆ, ನೀವು ಕೇಳಿದ್ದ ಸಂಕ್ರಾಂತಿಯ ಮೂಲ ಫೋಟೋ ಇದೆ. ಅದು ಹಾರಿಹೋಗಿರಲಿಲ್ಲ. ಅವತ್ತು ಅಡುಗೆಮನೆಯಲ್ಲಿ ನಿಂತು ನಾನು ತೆಗೆದು ನೋಡಿದ್ದು ಅದನ್ನೇ. ಅಂಗಳ, ಕುಸುರೆಳ್ಳು, ನಗು ಎಲ್ಲ ಇದೆ. ಅದರಲ್ಲೂ ಹಚ್ಚೆ ಇಲ್ಲ. ನನ್ನ ಮೊಬೈಲಿಗೆ ಬರುವ ಮೊದಲೇ, ನಿಮ್ಮ ಫೋನಿನಲ್ಲೇ ಹೋಗಿತ್ತು. ಊರೆಲ್ಲ ಫೋಟೋದವ ಎಂದು ಕರೆಯುವ ನೀವು, ತಾಯಿಯ ದಿವಸದಂದು, ಅಷ್ಟು ಜನರ ನಡುವೆ ಆ ಮಾತನ್ನು ಹೊರಲಾರಿರಿ ಅನ್ನಿಸಿತು. ನಾನು ಹೊರಬಲ್ಲೆ ಅನ್ನಿಸಿತು. ಈಗ ಭೀಮಸಿಯ ಅಂಗಡಿಗೆ ಬರುವ ಮುದುಕಿಯರ ಫೋಟೋಗಳನ್ನು ಅದೇ ಫೋನಿನಿಂದ ತೆಗೆಯುತ್ತಿದ್ದೀರಂತೆ, ಅದಕ್ಕೇ ಬರೆಯಬೇಕಾಯಿತು. ಕ್ಯಾಮೆರಾ ತೆರೆದರೆ ಮೇಲೆ ಮುಖದ ಚಿತ್ರ ಇರುತ್ತದೆ. ಒತ್ತಿದರೆ ಬ್ಯೂಟಿ ಎಂದು ಬರುತ್ತದೆ, ಹಚ್ಚೆಯನ್ನೂ ಕಲೆ ಎಂದು ಒರೆಸುವುದು ಅದೇ, ಅಂಗಡಿಯಿಂದ ಬರುವಾಗಲೇ ತುಂಬ ಮೇಲಿಟ್ಟು ಕೊಟ್ಟಿರುತ್ತಾರೆ. ಅದು ಈಗಿರುವ ಹಾಗೇ ಶೇವಂತಕ್ಕನದೊಂದು ಫೋಟೋ ತೆಗೆಯಿರಿ, ಅವರ ಗದ್ದದಲ್ಲೂ ಮೂರು ಚುಕ್ಕೆ ಇವೆ. ಆಮೇಲೆ ಸೊನ್ನೆಗೆ ಇಳಿಸಿ ಇನ್ನೊಂದು ತೆಗೆಯಿರಿ. ಎರಡನೆಯದನ್ನು ಅವರಿಗೆ ತೋರಿಸಿ. ಮೊದಲನೆಯದನ್ನು ಯಾರಿಗೂ ತೋರಿಸಬೇಡಿ. ನಾನೂ ತೋರಿಸಿಲ್ಲ.